ಸೋಮವಾರ ಬೆಳಿಗ್ಗೆ ಕೊಳ್ಳುವವರು

ಇಳಕಲ್ಲಿನ ಗ್ರಾನೈಟ್ ಶೆಡ್ಡುಗಳಲ್ಲಿ ಆ ತಿಂಗಳು ಕಲ್ಲಿನ ಮಾತಿಗಿಂತ ನೇತ್ರಾಂಕ ಟೆಕ್ನಾಲಜೀಸಿನ ಮಾತೇ ಹೆಚ್ಚಾಗಿತ್ತು. ಆ ಹೆಸರು ಮೊದಲು ಹೊರಬಿದ್ದದ್ದು ಫಾರೂಕನ ಪಾಲಿಶ್ ಶೆಡ್ಡಿನಿಂದ. ಗಾಡಿಗಳ ನಂಬರು ಪ್ಲೇಟನ್ನು ಕ್ಯಾಮೆರಾದಲ್ಲಿ ಓದಿ, ತಾನೇ ಪಾರ್ಕಿಂಗ್ ಚೀಟಿ ಹರಿದುಕೊಡುವ ಯಂತ್ರ ಮಾಡುವ ಕಂಪನಿಯಂತೆ ಅದು. ಷೇರು ಆರು ರೂಪಾಯಿಯೊಳಗೆ ಸಿಗುತ್ತಿದ್ದಾಗ ಫಾರೂಕ ಹೊಸ ಕಟಿಂಗ್ ಮಷಿನ್ನಿಗೆಂದು ಕೂಡಿಟ್ಟ ಹಣವನ್ನೆಲ್ಲ ಸುರಿದು ಒಂದೂವರೆ ಲಕ್ಷ ಷೇರು ತೆಗೆದುಕೊಂಡಿದ್ದ. ಈಗ ಅದು ಹನ್ನೊಂದು ದಾಟಿತ್ತು.

ಅವನ ತಂಗಿ ತಬಸುಮ ಹುನಗುಂದದ ಒಂದು ಖಾಸಗಿ ಕಾಲೇಜಿನಲ್ಲಿ ವಾಣಿಜ್ಯ ಕಲಿಸುತ್ತಿದ್ದಳು. ಅದರ ಜೊತೆಗೆ ಪ್ರತಿ ಭಾನುವಾರ ಸಂಜೆ ಯೂಟ್ಯೂಬಿನಲ್ಲಿ ಒಂದು ವಿಡಿಯೋ ಹಾಕುತ್ತಿದ್ದಳು. ಒಂದು ಕಂಪನಿಯನ್ನು ಎತ್ತಿಕೊಂಡು, ಅದೇ ದಂಧೆಯಲ್ಲಿರುವ ಎದುರಾಳಿಗಳ ಪಕ್ಕದಲ್ಲಿಟ್ಟು ನೋಡುವುದು ಹೇಗೆಂದು ತನ್ನ ಊರ ಮಾತಿನಲ್ಲೇ ತಿಳಿಸುವುದು ಅವಳ ರೀತಿ. "ತಗೋರಿ, ಮಾರ್ರಿ ಅಂತ ನಾ ಹೇಳಾಂಗಿಲ್ಲ. ನೋಡೂದು ಹೆಂಗ, ಅಷ್ಟ ಹೇಳ್ತೇನಿ" ಎಂದು ಶುರುವಿಗೇ ಹೇಳಿಬಿಡುತ್ತಿದ್ದಳು. ಬಾಗಲಕೋಟೆ, ವಿಜಯಪುರದ ಕಡೆ ಅಂಗಡಿಕಾರರು, ಸಾಲಿ ಮಾಸ್ತರರು, ಟ್ರ್ಯಾಕ್ಟರ್ ಇಟ್ಟವರು ಅವಳನ್ನು ನೋಡುತ್ತಿದ್ದರು.

ಶುಕ್ರವಾರ ತಾಯಿಯನ್ನು ನೋಡಲು ಇಳಕಲ್ಲಿಗೆ ಬಂದವಳು ಶೆಡ್ಡಿಗೂ ಹೋದಳು. ಪಾಲಿಶ್ ಚಕ್ರ ನಿಲ್ಲಿಸಿ, ಕೈಗೆ ಮೆತ್ತಿದ ಕೆಂಪು ರಾಡಿಯನ್ನು ತೊಳೆಯುತ್ತ ಫಾರೂಕ ನಕ್ಕ.

"ತಬ್ಬು, ನಮ್ಮ ನೇತ್ರಾಂಕದ ವಿಡಿಯೋ ಯಾವಾಗ? ಜನ ಕೇಳಿ ಕೇಳಿ ಸಾಕ ಮಾಡ್ಯಾರ."

"ಯಾವ ಜನ, ಭಾಯಿ?"

"ಕ್ರೇನಿನ ಮುತ್ತುರಾಜ, ಕಲ್ಲ ಕೊಯ್ಯೂ ಬ್ಲೇಡಿನ ಅಂಗಡಿ ಅಮೀನಸಾಬ, ಲಾರಿ ಮಂದಿ. ಏಳೆಂಟ ಮಂದಿ ತಗೊಂಡಾರ. ಮುತ್ತುರಾಜ ಅಷ್ಟ ಇನ್ನೂ ತಗೊಂಡಿಲ್ಲ, ಕಮತಗಿ ಜಾಗಾ ಮಾರಿದ ರೊಕ್ಕ ಬರಲಿ ಅಂತ ಕುಂತಾನ."

"ಅವರಿಗೆಲ್ಲ ಏನಂತ ಹೇಳೀ?"

ಫಾರೂಕ ಟವೆಲ್ಲಿಗೆ ಕೈ ಒರೆಸಿಕೊಂಡ. "ಏನ್ ಹೇಳ್ಲಿ, ತಂಗಿ ಇದನ್ನ ಓದ್ಯಾಳ, ನಾ ಸುಮ್ಮ ಹಾಕಿಲ್ಲ ಅಂದೆ."

ಅವಳು ಆ ಕಂಪನಿಯ ಒಂದು ಪುಟವನ್ನೂ ತಿರುವಿ ನೋಡಿರಲಿಲ್ಲ.

"ನಾ ನೋಡೇ ಇಲ್ಲಲ್ಲ!"

"ಈಗ ನೋಡು. ಇದ ಮಷಿನ್ ಮಾಡೂ ಪುಣೇ ಕಂಪನಿ ಷೇರು ಎಂಟನೂರು, ನಮ್ದು ಹನ್ನೊಂದು. ಯಾವುದು ಅಗ್ಗ, ನೀನ ಹೇಳು."

"ಒಂದ ಬಂಡೆ ಒಡದು ಸಾವಿರ ಚೂರ ಮಾಡಿ, ಚೂರಿಗೆ ಹನ್ನೊಂದ ರೂಪಾಯಿ ಅಂದ್ರ ಬಂಡೆ ಅಗ್ಗ ಆತೇನು? ಚೂರ ಎಷ್ಟ ಅದಾವ, ಕಲ್ಲಿನ್ಯಾಗ ಬಿರುಕ ಐತೋ ಏನೋ ನೋಡಬೇಕಲ್ಲ."

"ನೋಡವಾ, ನೋಡು. ನೋಡಿ ಚಲೋ ಮಾತ ಹೇಳು" ಎಂದು ಫಾರೂಕ ಮತ್ತೆ ಚಕ್ರ ಚಾಲೂ ಮಾಡಿದ.

ಶನಿವಾರ ಕಾಲೇಜು ಅರ್ಧ ದಿನ. ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಲ್ಯಾಪ್‌ಟಾಪ್ ತೆರೆದಳು. ಇದೇ ಯಂತ್ರ ಮಾಡುವ ಇನ್ನೂ ಮೂರು ಕಂಪನಿಗಳಿದ್ದವು. ಒಂದು ಪುಣೆಯದು, ಒಂದು ಚೆನ್ನೈಯದು, ಒಂದು ಅಹಮದಾಬಾದಿನದು. ನಾಲ್ಕರ ವಾರ್ಷಿಕ ವರದಿಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದತೊಡಗಿದಳು. ಮೊದಮೊದಲು ಮನಸ್ಸು ಅಣ್ಣನ ಪರವಾಗಿಯೇ ಇತ್ತು. ನೇತ್ರಾಂಕದ ಮಾರಾಟ ಒಂದೇ ವರ್ಷದಲ್ಲಿ ದುಪ್ಪಟ್ಟಾಗಿರುವುದನ್ನು ಕಂಡು ಅಬ್ಬಾ ಎಂದು ಉಸಿರು ಬಿಟ್ಟಳು. ಆಮೇಲೆ ಮಾರಿದ ಮಾಲಿನ ಹಣ ಎಲ್ಲಿ ಎಂದು ಹುಡುಕಿದಳು. ಉಳಿದ ಮೂವರಿಗೆ ಎರಡು ಮೂರು ತಿಂಗಳಲ್ಲಿ ಗಿರಾಕಿಯ ಹಣ ಕೈಸೇರುತ್ತಿತ್ತು. ನೇತ್ರಾಂಕದ್ದು ವರ್ಷ ಕಳೆದರೂ ಬಂದಿರಲಿಲ್ಲ; ಬರಬೇಕು, ಬರಬೇಕು ಎಂದೇ ಬರೆದಿತ್ತು. ಅಷ್ಟೇ ಮಾರಾಟಕ್ಕೆ ಪುಣೆಯವರು ನೂರಾರು ಜನರಿಗೆ ಪಗಾರ ಕೊಡುತ್ತಿದ್ದರೆ, ನೇತ್ರಾಂಕದವರು ಪಗಾರಕ್ಕೆಂದು ತೋರಿಸಿದ ಹಣದಲ್ಲಿ ಹುನಗುಂದದ ಒಂದು ಬಟ್ಟೆ ಅಂಗಡಿಯೂ ನಡೆಯುವುದು ಕಷ್ಟವಿತ್ತು. ಕೊನೆಗೆ ಕಣ್ಣಿಗೆ ಬಿದ್ದದ್ದು ಮಾಲೀಕರ ಪಾಲು. ಪ್ರತಿ ಮೂರು ತಿಂಗಳಿಗೊಮ್ಮೆ ಅವರು ತಮ್ಮ ಷೇರನ್ನು ಒಂದಿಷ್ಟು ಮಾರುತ್ತ ಬಂದಿದ್ದರು. ಕೊಂಡವರು ಫಾರೂಕನಂಥ ಸಾವಿರಾರು ಸಣ್ಣ ಮಂದಿ.

ಆದರೂ ಕಾಗದ ನೋಡಿ ಯಾರನ್ನೂ ಕಳ್ಳರೆನ್ನಬಾರದು ಎಂದು ಅವಳಿಗೆ ಅನಿಸಿತು. ಕಂಪನಿಗೆ ನಾಲ್ಕು ಪ್ರಶ್ನೆ ಬರೆದು ಇ-ಮೇಲ್ ಕಳಿಸಿದಳು. ಭಾನುವಾರ ಸಂಜೆ ವಿಡಿಯೋ ಹಾಕುವೆನೆಂದು ತಿಳಿಸಿ, ತನ್ನ ಫೋನು ನಂಬರನ್ನೂ ಬರೆದಳು. ತಮ್ಮ ಯಂತ್ರ ನಡೆಯುತ್ತಿರುವ ಜಾಗಗಳೆಂದು ಕಂಪನಿ ಹೆಸರಿಸಿದ್ದರಲ್ಲಿ ಒಂದು ಬದಾಮಿ ಹತ್ತಿರದ ಚೊಳಚಗುಡ್ಡದ್ದಿತ್ತು. ಭಾನುವಾರ ಬೆಳಗಿನ ಬಸ್ಸಿಗೇ ಅವಳು ಅಲ್ಲಿಗೆ ಹೊರಟಳು.

ಬನಶಂಕರಿ ಗುಡಿಗೆ ಬರುವ ಗಾಡಿಗಳು ನಿಲ್ಲಲೆಂದು ಲಕ್ಷ್ಮಪ್ಪ ಎಂಬ ರೈತ ತನ್ನ ರಸ್ತೆ ಬದಿಯ ಹೊಲವನ್ನು ಸಮತಟ್ಟು ಮಾಡಿ ಬಿಟ್ಟಿದ್ದ. ಗೇಟಿನ ಪಕ್ಕದ ಕಂಬದ ಮೇಲೆ ನೇತ್ರಾಂಕದ ನೀಲಿ ಡಬ್ಬಿ ಇತ್ತು. ಅದರ ಕೆಳಗೆ ಲಕ್ಷ್ಮಪ್ಪನೇ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಚೀಟಿ ಹರಿದು ಕೊಡುತ್ತಿದ್ದ.

"ಈ ಮಷಿನ್ ನಡೆಯಂಗಿಲ್ಲೇನ್ರಿ ಕಾಕಾ?" ಎಂದು ಕೇಳಿದಳು.

"ವಾಯರ್ ಎಲ್ಲೈತಿ ತಂಗಿ ನಡೀಲಿಕ್ಕೆ?" ಅವನು ಕುರ್ಚಿಯಿಂದ ಏಳದೆಯೇ ಕಂಬದ ಹಿಂದೆ ಬೆರಳು ತೋರಿಸಿದ. "ಬಂದ್ರು, ಡಬ್ಬಿ ಬಡದ್ರು, ನನ್ನ ನಿಲ್ಲಿಸಿ ಫೋಟೋ ಹೊಡಕೊಂಡ್ರು. ನಾಳಿ ಬಂದು ಕರೆಂಟ್ ಕೊಡ್ತೇವಿ ಅಂದಾವ್ರು ಹೋದ ಹೋಳಿ ಹುಣಿವಿಗೆ ಹೋಗ್ಯಾರ, ಇನ್ನೂ ಬಂದಿಲ್ಲ."

"ರೊಕ್ಕ ಕೊಟ್ಟೀರೇನು?"

"ಒಂದ ಪೈಸಾ ಕೇಳಿಲ್ಲ. ಅದಕ್ಕ ನಾನೂ ಸುಮ್ಮನದೇನಿ. ಆಕಡೆ ನೋಡು, ಅದು ಬ್ಯಾರೆ ಕಂಪನೀದು."

ರಸ್ತೆಯಾಚೆಯ ಜಾಗದಲ್ಲಿ ಪುಣೆಯವರ ಯಂತ್ರವಿತ್ತು. ಒಂದು ಕಾರು ಬಂದು ನಿಂತಿತು, ಚೀಟಿ ಹೊರಬಂತು, ಅಡ್ಡಗೋಲು ಮೇಲೆದ್ದಿತು. ಹಿಂದೆಯೇ ಇನ್ನೊಂದು ಕಾರು. ತಬಸುಮ ಎರಡೂ ಜಾಗಗಳ ವಿಡಿಯೋ ತೆಗೆದುಕೊಂಡಳು.

ತಿರುಗಿ ಬರುವಾಗ ಕಮತಗಿಯಲ್ಲಿ ಬಸ್ಸು ಬದಲಿಸಲು ನಿಂತಿದ್ದಾಗ ಫೋನು ಬಂತು. ಗುರುತಿಲ್ಲದ ನಂಬರು. ಬೆಣ್ಣೆಯಂಥ, ಪುಸ್ತಕದಂಥ ಕನ್ನಡ.

"ತಬಸುಮ ಮೇಡಂ ಅವರೇ? ನಿಮ್ಮ ಇ-ಮೇಲ್ ನೋಡಿದೆವು. ತುಂಬಾ ಸಂತೋಷವಾಯಿತು. ನಿಮ್ಮ ಕೆಲಸಕ್ಕೆ ನಾವು ಅಡ್ಡ ಬರುವುದಿಲ್ಲ. ಒಂದು ಸಣ್ಣ ವಿನಂತಿ ಮಾತ್ರ. ವಿಡಿಯೋವನ್ನು ಇವತ್ತಿನ ಬದಲು ನಾಳೆ ಸಂಜೆ ಹಾಕಿ."

"ಯಾಕ್ರಿ?"

"ನಿಮ್ಮ ಅಣ್ಣನವರು ಫಾರೂಕ್ ಅಲ್ಲವೇ? ನಮ್ಮ ಟೆಲಿಗ್ರಾಂ ಗುಂಪಿನಲ್ಲಿದ್ದಾರೆ, ಒಳ್ಳೆಯ ಮನುಷ್ಯರು. ಅವರ ಒಂದೂವರೆ ಲಕ್ಷ ಷೇರು ನಾಳೆ ಬೆಳಿಗ್ಗೆ ಆರಾಮವಾಗಿ ಮಾರಾಟವಾಗುತ್ತದೆ. ಕೊಳ್ಳುವವರು ಇರುತ್ತಾರೆ. ಆಮೇಲೆ ನೀವು ಏನು ಬೇಕಾದರೂ ಹೇಳಿ. ಇವತ್ತೇ ಹಾಕಿದರೆ..." ಆ ಧ್ವನಿ ನಿಟ್ಟುಸಿರು ಬಿಟ್ಟಿತು. "ಇವತ್ತೇ ಹಾಕಿದರೆ ನಾಳೆ ಕೊಳ್ಳುವವರು ಇರುವುದಿಲ್ಲ ಮೇಡಂ. ಮನೆಯವರ ಬಗ್ಗೆ ಯೋಚಿಸಿ."

ಫೋನು ಕಟ್ಟಾಯಿತು. ಹುನಗುಂದದ ಬಸ್ಸು ಬಂದು, ಕಂಡಕ್ಟರು ಕೂಗಿ, ಹೋಗಿಯೂ ಬಿಟ್ಟಿತು. ತಬಸುಮ ನಿಂತಲ್ಲೇ ನಿಂತಿದ್ದಳು. ಲಂಚ ಕೊಡುವೆನೆಂದಿದ್ದರೆ ಬೈದು ಬಿಡಬಹುದಿತ್ತು. ಅವನು ಕೇಳಿದ್ದು ಒಂದೇ ಒಂದು ದಿನ. ಮುಂದಿನ ಬಸ್ಸಿನಲ್ಲಿ ಹುನಗುಂದ ಬಂದರೂ ಇಳಿಯದೆ, ಇಳಕಲ್ಲಿಗೆ ಟಿಕೀಟು ತೆಗೆದು ಅಣ್ಣನ ಮನೆಗೇ ಹೋದಳು.

ಫಾರೂಕನ ಹೆಂಡತಿ ನಾಹಿದಾ ಮಕ್ಕಳೊಂದಿಗೆ ತವರಿಗೆ ಹೋಗಿದ್ದಳು. ಮನೆಯಲ್ಲಿದ್ದದ್ದು ಫಾರೂಕ ಮತ್ತು ತಾಯಿ ಲಾಡಬಿ. ತಬಸುಮ ಒಂದನ್ನೂ ಮುಚ್ಚಿಡಲಿಲ್ಲ. ವರದಿಗಳಲ್ಲಿ ಕಂಡದ್ದು, ಚೊಳಚಗುಡ್ಡದ ಡಬ್ಬಿ, ಕಮತಗಿಯ ಫೋನು ಎಲ್ಲವನ್ನೂ ಹೇಳಿದಳು. ಫಾರೂಕ ಎರಡೂ ಜಾಗಗಳ ವಿಡಿಯೋವನ್ನು ಮತ್ತೆ ಮತ್ತೆ ನೋಡಿದ.

"ಹಂಗಾರ ನಾಳಿ ಮುಂಜಾನೆ ಮಾರಿಬಿಡ್ತೇನಿ" ಎಂದ. "ನೀ ನಾಳಿ ಸಂಜೀಕೆ ಹಾಕು. ಅಂವ ಹೇಳಿದ್ದು ಖರೆ ಐತಿ."

"ಭಾಯಿ, ನಾಳಿ ಕೊಳ್ಳಾವ್ರು ಯಾರು?"

"ಯಾರರೆ ಆಗಲಿ! ಬಾಂಬೇದಾಗ ಕುಂತಾವ್ರು. ನನಗೇನ ಗೊತ್ತು?"

"ಕಂಪನಿ ಮಾಲೀಕರ ಮಾರಾಕತ್ತಾರ, ಬಾಂಬೇದಾವ್ರು ಯಾಕ ಕೊಳ್ತಾರ? ಕೊಳ್ಳಾವ್ರು ನಿನ್ನಂಥಾವ್ರ."

ಅಷ್ಟರಲ್ಲಿ ಫಾರೂಕನ ಫೋನು ಬಡಿಯಿತು. ಕಲ್ಲು ಎತ್ತುವ ಕ್ರೇನ್ ಇಟ್ಟುಕೊಂಡಿದ್ದ ಗೆಳೆಯ ಮುತ್ತುರಾಜ. ಎತ್ತುವ ಅವಸರದಲ್ಲಿ ಫಾರೂಕನ ಬೆರಳು ಸ್ಪೀಕರಿಗೆ ತಾಕಿತು.

"ಫಾರೂಕಭಾಯಿ, ರೊಕ್ಕ ಬಂತಪಾ! ನಾಳಿ ಮುಂಜಾನೆ ಷೇರ ಪ್ಯಾಟಿ ಬಾಗಲಾ ತಗದ ಕೂಡ್ಲೆ ನೇತ್ರಾಂಕ ತಗೊಂಡಬಿಡ್ತೇನಿ. ಗ್ರೂಪಿನ್ಯಾಗ ಹಾಕ್ಯಾರ ನೋಡಿಯೇನು? ಇಳಕಲ್ಲ ತಬಸುಮ ಟೀಚರ್ ನಾಳಿ ಸಂಜೀಕೆ ಇದರ ವಿಡಿಯೋ ಮಾಡ್ತಾರ, ಆಮ್ಯಾಲ ಹದಿನೈದಕ್ಕ ಹೋಗ್ತೈತಿ, ಮೊದ್ಲ ತಗೋರಿ ಅಂತ. ಖರೆ ಏನು?"

ಆ ಒಂದು ದಿನದಲ್ಲಿ ತನ್ನ ಹೆಸರು ಹೇಳಿಯೇ ಜನರಿಗೆ ಷೇರು ಮಾರಿ ಮಾಲೀಕರು ಹೊರಬೀಳುವವರಿದ್ದರೆಂದು ತಬಸುಮಳಿಗೆ ಈಗ ಹೊಳೆಯಿತು. ಫಾರೂಕ ತಂಗಿಯನ್ನು ನೋಡಿದ, ನೆಲ ನೋಡಿದ.

"ಹೂಂ... ವಿಡಿಯೋ ಐತಿ ಅಂತಾಳ" ಎಂದ. "ನಾಳಿ ಮಾತಾಡೂಣು." ಫೋನು ಇಟ್ಟುಬಿಟ್ಟ.

"ಅವಂಗ ಯಾಕ ಹೇಳ್ಲಿಲ್ಲ?" ತಬಸುಮ ಕೇಳಿದಳು.

"ಹೇಳಿದ್ರ? ಅಂವ ನಾಕ ಮಂದಿಗೆ ಹೇಳ್ತಾನ. ಆ ನಾಕ ಮಂದಿ ನಲವತ್ತ ಮಂದಿಗೆ. ಮುಂಜಾನೆ ಹತ್ತೂದ್ರಾಗ ನನ್ನ ಮಷಿನ್ನಿನ ರೊಕ್ಕ ಮಣ್ಣ ಆಕ್ಕೈತಿ. ನಾ ನನ್ನ ಸಂಸಾರ ನೋಡ್ಲ್ಯಾ, ಅವಂದ ನೋಡ್ಲ್ಯಾ?"

"ಅಂವ ನಿನ್ನ ಗೆಳೆಯ ಅಲ್ಲೇನು? ನಾಳಿ ನೀ ಮಾರೂದು ಅವಂಗ. ಮುಖ ನೋಡಿ ಮಾರಾಂಗಿಲ್ಲ, ಫೋನಿನ್ಯಾಗ ಮಾರ್ತಿ, ಅಷ್ಟ ಫರಕು."

ಫಾರೂಕ ಎದ್ದು ನಿಂತ. ಮೇಜಿನ ಮೇಲಿದ್ದ ತಂಗಿಯ ಫೋನನ್ನು ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡ. "ನಾಳಿ ಹನ್ನೊಂದಕ್ಕ ಕೊಡ್ತೇನಿ."

ತಬಸುಮ ತಾಯಿಯತ್ತ ತಿರುಗಿದಳು. ಲಾಡಬಿ ಗೋಡೆಗೆ ಒರಗಿ ಕೂತು, ಎಲ್ಲ ಕೇಳಿಸಿಕೊಂಡಿದ್ದಳು. ಮಗಳ ಕಡೆ ನ್ಯಾಯವಿದೆಯೆಂದು ಅವಳಿಗೂ ಗೊತ್ತಿತ್ತು.

"ಒಂದ ದಿನ ಬಿಡ ತಬ್ಬು" ಎಂದಳು. "ಅಂವ ಆ ರೊಕ್ಕಕ್ಕ ಎಷ್ಟ ಧೂಳ ಕುಡದಾನ ನಿನಗ ಗೊತ್ತಿಲ್ಲೇನು? ರಾತ್ರಿ ಕೆಮ್ಮೂದ ನಾ ಕೇಳ್ತೇನಿ, ನೀ ಕೇಳಾಂಗಿಲ್ಲ. ಮಂದೀದ ಅಲ್ಲಾಹ ನೋಡಿಕೋತಾನ."

ತಬಸುಮ ಓದುತ್ತಿದ್ದಾಗ ಅವಳ ಕಾಲೇಜು ಫೀ ಕಟ್ಟಿದವನು ಇದೇ ಧೂಳು ಕುಡಿದ ಅಣ್ಣ. ಒಂದು ದಿನ. ಒಂದೇ ದಿನ ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅವಳು ಬಾಗಿಲ ಹೊಸ್ತಿಲ ಮೇಲೆ ಕೂತಳು.

ಆಗ ಫಾರೂಕನ ಕಿಸೆಯಲ್ಲಿ ಅವಳ ಫೋನು ಮೊಳಗಿತು.

ಅವನು ಹೊರತೆಗೆದು ನೋಡಿದ. ಹೆಸರು ಓದಿದವನ ಮುಖ ಕಂಡೇ ಅದು ಯಾರೆಂದು ಅವಳಿಗೆ ಗೊತ್ತಾಯಿತು. ಗೆಳೆಯನ ಮಾತು ಸಾಲದೆ ಮುತ್ತುರಾಜ ಟೀಚರನ್ನೇ ಕೇಳಲು ಹೊರಟಿದ್ದ. ಫಾರೂಕನ ಹೆಬ್ಬೆರಳು ಕೆಂಪು ಗುಂಡಿಯ ಮೇಲೆ ಬಂದು ನಿಂತಿತು. ಫೋನು ಬಡಿಯುತ್ತಲೇ ಇತ್ತು. ತಬಸುಮ ಕೈ ಚಾಚಿದಳು. ಲಾಡಬಿ "ಕಟ್ ಮಾಡಪಾ" ಎಂದದ್ದು ಇಬ್ಬರಿಗೂ ಕೇಳಿಸಿತು.

ಅದು ಬಡಿದು ನಿಲ್ಲುವ ಮೊದಲೇ ಫಾರೂಕ ಎರಡು ಹೆಜ್ಜೆ ಮುಂದೆ ಬಂದು ಫೋನನ್ನು ಅವಳ ಅಂಗೈಗೆ ಬಡಿದ ಹಾಗೆ ಇಟ್ಟ. ಇಟ್ಟವನು ಚಪ್ಪಲಿಯನ್ನೂ ಮೆಟ್ಟದೆ ಅಂಗಳ ದಾಟಿ ಹೊರಟುಹೋದ. ತಬಸುಮ ಫೋನು ಎತ್ತಿದಳು.

"ಅಕ್ಕಾರ, ನಾ ಮುತ್ತುರಾಜ ರಿ. ಒಂದ ಮಾತ ಕೇಳಬೇಕಿತ್ತು. ನೇತ್ರಾಂಕ ತಗೊಳ್ಲ್ಯೋ ಬ್ಯಾಡೋ?"

ಆ ಪ್ರಶ್ನೆಗೆ ಅವಳು ಎಂದೂ ಯಾರಿಗೂ ಉತ್ತರ ಕೊಟ್ಟಿರಲಿಲ್ಲ.

"ತಗೋಬ್ಯಾಡ್ರಿ" ಎಂದಳು. "ನನ್ನ ಹೆಸರ ಹೇಳಿ ಯಾರ್ ಏನ್ ಹಾಕಿದ್ರೂ ನಂಬಬ್ಯಾಡ್ರಿ. ವಿಡಿಯೋ ಇವತ್ತ ಬರ್ತೈತಿ, ನೋಡ್ರಿ."

ಮನೆಯ ಹಿತ್ತಲಲ್ಲಿ, ನೀರಿನ ಟಾಕಿಯ ಪಕ್ಕದಲ್ಲಿ, ಬೆಳಕು ಇನ್ನೂ ಇರುವಾಗಲೇ ಅವಳು ವಿಡಿಯೋ ಮಾಡಿದಳು. ನಾಲ್ಕೂ ಕಂಪನಿಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದಳು, ಚೊಳಚಗುಡ್ಡದ ರಸ್ತೆಯ ಎರಡೂ ಬದಿ ತೋರಿಸಿದಳು. ಕೊನೆಗೆ, "ನಮ್ಮ ಮನ್ಯಾಗ ಈ ಷೇರು ಭಾಳ ಅದಾವು. ನನ್ನ ಅಣ್ಣಂದು. ಇದನ್ನ ನಿಮಗ ಹೇಳೂದು ನನ್ನ ಮ್ಯಾಲ ಐತಿ" ಎಂದಳು. ಧ್ವನಿ ಒಡೆಯಿತು. ಅದನ್ನು ಕತ್ತರಿಸಲು ಹೋಗಲಿಲ್ಲ; ಹಾಗೇ ಹಾಕಿದಳು. ಲಾಡಬಿ ಮಗಳಿಗೆ ಊಟಕ್ಕೆ ಏಳು ಎನ್ನಲಿಲ್ಲ. ತಬಸುಮ ಕೊನೆಯ ಬಸ್ಸು ಹಿಡಿದು ಹುನಗುಂದಕ್ಕೆ ಹೋದಳು.

ಸೋಮವಾರ ಪೇಟೆ ತೆರೆದ ಕ್ಷಣವೇ ನೇತ್ರಾಂಕ ಐದು ಪರ್ಸೆಂಟ್ ಇಳಿದು ಅಲ್ಲೇ ನಿಂತಿತು. ಪೇಟೆಯ ನಿಯಮದಂತೆ ಆ ಷೇರು ದಿನಕ್ಕೆ ಅದಕ್ಕಿಂತ ಹೆಚ್ಚು ಇಳಿಯುವಂತಿರಲಿಲ್ಲ. ಮಾರುವವರ ಸಾಲು ಬೆಳೆಯುತ್ತಲೇ ಇತ್ತು, ಕೊಳ್ಳುವವರ ಜಾಗದಲ್ಲಿ ಸೊನ್ನೆ. ಆ ಸಾಲಿನಲ್ಲಿ ಎಲ್ಲೋ ಫಾರೂಕನ ಒಂದೂವರೆ ಲಕ್ಷವಿತ್ತು. ಮಂಗಳವಾರವೂ ಹಾಗೇ, ಬುಧವಾರವೂ ಹಾಗೇ. ಕ್ಲಾಸಿನಲ್ಲಿ ಬೋರ್ಡಿಗೆ ಬರೆಯುತ್ತಿದ್ದಾಗಲೂ ತಬಸುಮಳ ಕಣ್ಣಿಗೆ ಆ ಸೊನ್ನೆಯೇ ಕಟ್ಟುತ್ತಿತ್ತು. ಪುಣೆಯವರಿಂದ ದುಡ್ಡು ತಿಂದಿದ್ದಾಳೆ ಎಂದು ಚಾನೆಲ್ಲಿನ ಕೆಳಗೆ ನೂರಾರು ಮಂದಿ ಬರೆದರು. ಕೆಲವರು ಬರೆದದ್ದನ್ನು ಓದಿ ಅವಳು ಒಬ್ಬಳೇ ಬಸ್ ಸ್ಟ್ಯಾಂಡಿನವರೆಗೆ ನಡೆಯುವುದನ್ನು ಬಿಟ್ಟಳು. ಕಂಪನಿಯ ವಕೀಲರಿಂದ ನೋಟಿಸು ಕಾಲೇಜಿನ ವಿಳಾಸಕ್ಕೇ ಬಂತು. ಪ್ರಿನ್ಸಿಪಾಲರು ಕರೆದು, "ಇದೆಲ್ಲಾ ಬೇಕಾಗಿತ್ತೇನವಾ?" ಎಂದು ಕೇಳಿದರು; ಆದರೆ ನೋಟಿಸಿಗೆ ಉತ್ತರ ಬರೆಯಲು ತಮ್ಮ ಪರಿಚಯದ ವಕೀಲರ ನಂಬರನ್ನೂ ಕೊಟ್ಟರು.

ಇವೆಲ್ಲವನ್ನೂ ತಡೆದುಕೊಳ್ಳಬಹುದಿತ್ತು. ತಡೆಯಲಾರದ್ದು ಇಳಕಲ್ಲಿನ ಮನೆಯ ಮೌನ. ಫಾರೂಕ ಫೋನು ಎತ್ತುತ್ತಿರಲಿಲ್ಲ. ಲಾಡಬಿ ಎತ್ತಿ, "ಚಲೋ ಅದೇನಿ" ಎಂದಷ್ಟೇ ಹೇಳಿ ಇಡುತ್ತಿದ್ದಳು.

ತಿಂಗಳೊಂದು ಕಳೆದು ಷೇರು ನಾಲ್ಕು ರೂಪಾಯಿಗೆ ಬಂದ ಮೇಲೆ ಅಂತೂ ಕೊಳ್ಳುವವರು ಕಾಣಿಸಿಕೊಂಡರು. ಅದೇ ವಾರದ ಕೊನೆಗೆ ಫಾರೂಕ ಹುನಗುಂದಕ್ಕೆ ಬಂದ. ತಬಸುಮ ಕರೆಯುವ ಮೊದಲೇ ಒಳಗೆ ಬಂದು ಕೂತ. ಸೊರಗಿದ್ದ.

"ಮಾರಿದ್ನಿ" ಎಂದ. "ಹಾಕಿದ್ದರಾಗ ಮೂರನೇ ಒಂದ ಪಾಲು ಹೋತು. ನೀ ಮಾಡಿದ್ದು ಸರಿ ಅಂತ ಹೇಳಾಕ ಬಂದಿಲ್ಲ ನಾ."

"ಮತ್ತ?"

"ಮುತ್ತುರಾಜ ಶೆಡ್ಡಿಗೆ ಬಂದಿದ್ದ. 'ಆವತ್ತ ಸಂಜೀಕೆ ನಾ ಫೋನ್ ಹಚ್ಚಿದಾಗ ನಿನಗ ಖರೆ ಗೊತ್ತಿತ್ತೇನು?' ಅಂತ ಕೇಳಿದ." ಫಾರೂಕ ತನ್ನ ಬಿರುಕುಬಿಟ್ಟ ಬೆರಳುಗಳನ್ನು ನೋಡಿಕೊಂಡ. "ಹೂಂ ಅಂದೆ. ಸುಳ್ಳ ಹೇಳಾಕ ಆಗಲಿಲ್ಲ ತಬ್ಬು. ಅಂವ ಕ್ರೇನ್ ತಗೊಂಡು ಹೋದ. ಹದಿನೈದ ವರ್ಷದ ದೋಸ್ತಿ ಇತ್ತು."

ತಬಸುಮ ಅವನ ಪಕ್ಕದಲ್ಲಿ ಕೂತಳು. ಅವನೇ ಮುಂದುವರಿಸಿದ. "ನನ್ನ ಮಾತ ಕೇಳಿ ತಗೊಂಡಾವ್ರು ಏಳೆಂಟ ಮಂದಿ ಅದಾರಲ್ಲ, ಒಂಬತ್ತ ಹತ್ತ ರೂಪಾಯಿಗೆ. ನಾಳಿ ಶೆಡ್ಡಿಗೆ ಬರ್ತಾರ. ನಿನ್ನ ಹೆಸರ ನಾನ ಹೇಳಿದ್ನಿ ಅಂತ ಅವರ ಮುಂದ ಒಪ್ಪಿಕೋತೇನಿ. ಅವಾಗ ನೀ ಬಾಜೂಕ ಇರಬೇಕು."

"ಬರ್ತೇನಿ" ಎಂದಳು.

ಮರುದಿನ ಶೆಡ್ಡಿನಲ್ಲಿ ಚಕ್ರಗಳು ನಿಂತಿದ್ದವು. ಬಂದವರು ಕಲ್ಲಿನ ಬಂಡೆಗಳ ಮೇಲೆ ಕೂತಿದ್ದರು, ಮುತ್ತುರಾಜ ಬಂದಿರಲಿಲ್ಲ. ತಂಗಿ ಓದಿದ್ದಾಳೆಂದು ತಾನು ಸುಳ್ಳು ಹೇಳಿದ್ದೆನೆಂದು ಫಾರೂಕ ನಿಂತು ಹೇಳಿದ. ಒಬ್ಬ ಬೈದು ಎದ್ದುಹೋದ. ಉಳಿದವರು ಕದಲಲಿಲ್ಲ. ಅವರಲ್ಲಿ ಹಿರಿಯನಾದ, ಬ್ಲೇಡಿನ ಅಂಗಡಿಯ ಅಮೀನಸಾಬ ಫಾರೂಕನನ್ನು ಬಿಟ್ಟು ತಬಸುಮಳನ್ನೇ ನೋಡುತ್ತಿದ್ದ.

"ಬೇಟಿ, ನೀ ಹೇಳಿದ್ದೆಲ್ಲಾ ಖರೆ ಆತು" ಎಂದ. "ಆದ್ರ ನಿಮ್ಮಣ್ಣ ಇದರಾಗ ರೊಕ್ಕ ಹಾಕಿ ಮೂರ ತಿಂಗಳಾಗಿತ್ತಲ್ಲ. ಯಾರ್ಯಾರದೋ ಕಂಪನಿ ಎಲ್ಲಾ ನೋಡ್ತಿ. ಇದನ್ನ ಮೊದ್ಲ ಯಾಕ ನೋಡ್ಲಿಲ್ಲ?"

ಅವಳು ಫಾರೂಕನತ್ತ ನೋಡಲಿಲ್ಲ. ಕೆಲಸವಿತ್ತು, ಪರೀಕ್ಷೆಯ ಪೇಪರುಗಳಿದ್ದವು ಎಂದೆಲ್ಲ ಹೇಳಬಹುದಿತ್ತು. ನಿಜವೆಂದರೆ, ಏರುತ್ತಿದ್ದ ಷೇರಿನ ಮುಂದೆ ಅಣ್ಣನ ನಗುಮುಖ ಕಂಡು, ಅದನ್ನು ಕೆಡಿಸುವ ಧೈರ್ಯ ಅವಳಿಗೆ ಬಂದಿರಲಿಲ್ಲ.

"ನೋಡಬೇಕಾಗಿತ್ತು ಚಾಚಾ" ಎಂದಳು. "ಅಂಜಿದ್ನಿ."

ಅಮೀನಸಾಬ ತಲೆಯಾಡಿಸಿದ. ಒಪ್ಪಿದನೋ ಬೇಸತ್ತನೋ ತಿಳಿಯಲಿಲ್ಲ. ಫಾರೂಕ ಒಂದು ಹೆಜ್ಜೆ ಸರಿದು ತಂಗಿಯ ಹೆಗಲಿಗೆ ಹೆಗಲು ತಾಗುವಂತೆ ನಿಂತ. ಕೂತವರಲ್ಲಿ ಇನ್ನೊಬ್ಬ ಗಂಟಲು ಸರಿಮಾಡಿಕೊಂಡು, ತಾನೂ ಒಂದು ಮಾತು ಕೇಳುವುದಿದೆ ಎಂದ. "ಕೇಳ್ರಿ" ಎಂದ ಫಾರೂಕ.